ದೊಡ್ಡವ್ವ ಕಳಿಸಿದ ಹನ್ನೆರಡು ಮಂದಿ

ಮಟಮಟ ಮಧ್ಯಾಹ್ನ ದೊಡ್ಡವ್ವ ಚಪ್ಪಲಿ ಬಿಟ್ಟು ನಮ್ಮ ದಾಲ್ ಮಿಲ್ಲಿನ ಅಂಗಳಕ್ಕೆ ಹಾಸಿದ ಪರಸಿ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತಳು. ಅಗಲವಾದ, ಚಪ್ಪಟೆಯಾದ ಪಾದಗಳು. ಹೆಬ್ಬೆರಳುಗಳು ಉಳಿದ ಬೆರಳುಗಳ ಸಹವಾಸ ಬೇಡವೆಂದು ದೂರ ಸರಿದು ಕೂತಿದ್ದವು. ಹಿಮ್ಮಡಿಯ ಸೀಳುಗಳಲ್ಲಿ ಎಷ್ಟೋ ವರ್ಷಗಳ ತೊಗರಿಯ ಎಣ್ಣೆ, ಧೂಳು ಇಳಿದು ಕಪ್ಪು ಗೆರೆಗಳಾಗಿದ್ದವು. ಆಕೆ ಕಣ್ಣು ಮುಚ್ಚಿಕೊಂಡು, ಯಾರೋ ಹೇಳುವ ಮಾತನ್ನು ಕಾಲಿನಿಂದ ಕೇಳಿಸಿಕೊಳ್ಳುವವಳಂತೆ ನಿಂತೇ ಇದ್ದಳು. ನಾನು ತಗಡಿನ ನೆರಳಿನಲ್ಲಿ, ಚಪ್ಪಲಿ ಹಾಕಿಕೊಂಡು, ಏನೇನು ಕೆಡಬಹುದು ಎಂದು ಮನಸ್ಸಿನಲ್ಲೇ ಪಟ್ಟಿ ಮಾಡುತ್ತಿದ್ದೆ.

ಆಕೆಯ ಕಾಲು ಸುಟ್ಟು, ಈ ಅಂಗಳಕ್ಕೆ ನನ್ನ ಮಂದಿ ಬರುವುದಿಲ್ಲ ಎನ್ನಬಹುದು. ಬಂದರೂ ಎರಡನೆಯ ದಿನ ಪಕ್ಕದ ದೊಡ್ಡ ಮಿಲ್ಲಿಗೆ ಹೋಗಿಬಿಡಬಹುದು. ಹೋಗದೆ ಉಳಿದವರು ತಮ್ಮತಮ್ಮಲ್ಲಿ ಜಗಳ ಆಡಬಹುದು. ಜಗಳ ಆಡದಿದ್ದರೆ ಇನ್ನೂ ಅಪಾಯ, ಒಗ್ಗಟ್ಟಾಗಿ ನನ್ನ ಮೇಲೆ ಬೀಳಬಹುದು. ಯಾರಾದರೂ ಬಿಸಿಲಿಗೆ ತಲೆ ತಿರುಗಿ ಬೀಳಬಹುದು. ಬಿದ್ದವಳನ್ನು ಎತ್ತಲು ಹೋದರೆ ಊರು ಒಂದು ಮಾತಾಡಬಹುದು, ಎತ್ತದಿದ್ದರೆ ಇನ್ನೊಂದು ಮಾತಾಡಬಹುದು. ಮಾಘ ಮಾಸದಲ್ಲಿ ಮೋಡ ಕವಿಯಬಹುದು. ಎಣ್ಣೆ ಸವರಿದ ತೊಗರಿ ಹುಳಿ ವಾಸನೆ ಹಿಡಿಯಬಹುದು. ಹೈದರಾಬಾದಿನ ವ್ಯಾಪಾರಿ ನನ್ನ ಬೇಳೆಯನ್ನು ಬಾಯಿಗೆ ಹಾಕಿಕೊಂಡು ನನ್ನ ಎದುರಿಗೇ ಉಗುಳಬಹುದು. ಲೇಬರ್ ಇನ್‌ಸ್ಪೆಕ್ಟರು ಬಂದು ತೆಲುಗಿನಲ್ಲಿ ರಿಜಿಸ್ಟರ್ ಕೇಳಬಹುದು, ನಾನು ಕನ್ನಡದಲ್ಲಿ ಬೆವರಬಹುದು. ಇದೆಲ್ಲ ಕೇಳಿದ ನನ್ನ ಸೋದರಮಾವ, ಆ ಮಿಲ್ಲನ್ನು ನಂಬಿ ನನ್ನ ಕೈಗೆ ಕೊಟ್ಟವರು, ಬೈಯದೆ ಬರೀ ನಿಟ್ಟುಸಿರು ಬಿಡಬಹುದು.

ಇದರಲ್ಲಿ ಒಂದೂ ಆಗಲಿಲ್ಲ. ಮುಂದೆ ಹನ್ನೆರಡು ಹಂಗಾಮು ನನಗೂ ಆಕೆಗೂ ವ್ಯವಹಾರ ನಡೆಯಿತು. ಅಷ್ಟು ವರ್ಷಗಳಲ್ಲಿ ಕೆಟ್ಟದ್ದು ಒಂದೇ ಒಂದು, ಅದೂ ಬಹಳ ಸಣ್ಣದು. ನನ್ನ ಪಟ್ಟಿಯಲ್ಲಿ ಅದು ಇರಲೇ ಇಲ್ಲ.

ದೊಡ್ಡವ್ವ ಕಣ್ಣು ತೆರೆದಳು.

"ಸಾವಕಾರ್ರಿ, ನೀವೂ ಒಂದೀಟು ಬರ್ರಿ."

"ನಾ ಯಾಕ?"

"ಬಂದು ನಿಂದರ್ರಿ. ಚಪ್ಪಲಿ ಅಲ್ಲೇ ಬಿಡ್ರಿ."

ಹೋಗಿ ನಿಂತೆ. ಮೂರು ಎಣಿಸುವಷ್ಟರಲ್ಲಿ ಕುಣಿಯತೊಡಗಿದ್ದೆ. ಆಕೆಯ ಜೊತೆ ಬಂದಿದ್ದ ಇಬ್ಬರು ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆಗೆ ತಿರುಗಿದರು. ದೊಡ್ಡವ್ವ ಮಾತ್ರ ನಗಲಿಲ್ಲ. "ಹನ್ನೆರಡಕ್ಕ ಮಂದಿ ನೆರಳಿಗಿ ಬರ್ತಾರ. ಮೂರಕ್ಕ ಮತ್ತ ಇಳೀತಾರ. ನಡುವ ಯಾರ್ನೂ ಕರೀಬ್ಯಾಡ್ರಿ. ಒಪ್ಪಿಗಿ ಅದನ?" ಎಂದಳು. ಅಂಗಾಲು ಉಜ್ಜಿಕೊಳ್ಳುತ್ತಿದ್ದ ನಾನು ಒಪ್ಪಿಗೆ ಅಂದೆ. ಆ ಗಳಿಗೆಯಲ್ಲಿ ಮಿಲ್ಲು ಬರೆದುಕೊಡು ಎಂದಿದ್ದರೂ ಒಪ್ಪುತ್ತಿದ್ದೆ.

ಅಷ್ಟಕ್ಕೇ ಮುಗಿಯಲಿಲ್ಲ. ನೀರಿನ ಗಡಿಗೆಯಿಂದ ಒಂದು ಲೋಟ ತುಂಬಿಕೊಂಡು, ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದಳು. ತಗಡಿನ ಕೆಳಗಿನ ಅಡ್ಡ ತೊಲೆಗೆ ಎರಡೂ ಕೈ ಹಾಕಿ ಜೋತು ಬಿದ್ದು ನೋಡಿದಳು; ಕೂಸಿನ ಜೋಳಿಗೆ ಕಟ್ಟಿದರೆ ತಡೆಯುತ್ತದೆಯೋ ಇಲ್ಲವೋ ಎಂದು. ಆಮೇಲೆ ಹೊರಟುಹೋದಳು. ಆಳುಗಳನ್ನು ಪರೀಕ್ಷೆ ಮಾಡಿ ತೆಗೆದುಕೊಳ್ಳಬೇಕೆಂದು ಹಿಂದಿನ ದಿನವೆಲ್ಲ ಪ್ರಶ್ನೆಗಳನ್ನು ಕಟ್ಟಿಕೊಂಡು ಕೂತಿದ್ದೆ. ಅರ್ಜಿ ಹಾಕಿದವನು ನಾನೇ ಎಂದು ತಿಳಿದದ್ದು ಆಕೆ ಗೇಟು ದಾಟಿದ ಮೇಲೆ.

ಆಕೆಗೆ ಹೆಸರೊಂದು ಇದ್ದಿರಲೇಬೇಕು. ತಾಂಡೂರಿನಲ್ಲಿ ಯಾರೂ ಅದನ್ನು ಬಳಸಿದ್ದು ನಾನು ಕೇಳಲಿಲ್ಲ. ಕನ್ನಡದವರು ದೊಡ್ಡವ್ವ ಎಂದರು, ತೆಲುಗಿನವರು ಪೆದ್ದಮ್ಮ ಎಂದರು, ಸ್ಟೇಷನ್ನಿನ ಕಡೆಯ ಮುಸಲ್ಮಾನ ಮಂದಿ ಬಡೀಮಾ ಎಂದರು. ಮೂರಕ್ಕೂ ಓ ಅನ್ನುತ್ತಿದ್ದಳು. ರೈಲ್ವೆ ಗೇಟಿನ ಪಕ್ಕದ ಬೇವಿನ ಮರದ ಕೆಳಗೆ ದಿನಾ ಬೆಳಗ್ಗೆ ನಲವತ್ತು ಹೆಂಗಸರು ಕೂಡುತ್ತಿದ್ದರು. ಯಾವ ಮಿಲ್ಲಿಗೆ ಎಷ್ಟು ಮಂದಿ, ಯಾರಾರು, ಎಲ್ಲ ಆಕೆಯದೇ ತೀರ್ಮಾನ. ಈಗಿನವರು ಇಂಥದ್ದಕ್ಕೆ ಆಫೀಸು ತೆರೆದು ಬೋರ್ಡು ಹಾಕುತ್ತಾರಂತೆ. ಆಕೆಯ ಆಫೀಸು ಬೇವಿನ ಬೇರಿನ ಮೇಲಿತ್ತು.

ನಾನು ಕೊಡಂಗಲ್ಲಿನವನು. ಕನ್ನಡ ಶಾಲೆಯಲ್ಲಿ ಓದಿ ಕಚೇರಿಯಲ್ಲಿ ಕಾರಕೂನನಾಗಬೇಕೆಂದು ಇದ್ದವನು. ನಮ್ಮ ಸೀಮೆ ಆಂಧ್ರದ ಪಾಲಾದ ಮೇಲೆ ಕಚೇರಿಗಳಿಗೆ ನನ್ನ ಕನ್ನಡ ಬೇಡವಾಯಿತು. ಸೋದರಮಾವನಿಗೆ ಕಾಲು ಸ್ವಾಧೀನ ತಪ್ಪಿ ಅವರ ಸಣ್ಣ ದಾಲ್ ಮಿಲ್ಲು ನನ್ನ ಪಾಲಿಗೆ ಬಂತು. ಒಂದು ಉರುಳೆ ಯಂತ್ರ, ಒಂದು ಮೋಟರು, ಅದಕ್ಕೊಬ್ಬ ಫಿಟ್ಟರ್, ಒಂದು ಅಂಗಳ. ತೊಗರಿಯನ್ನು ಉರುಳೆಯಲ್ಲಿ ಉಜ್ಜಿ, ಎಣ್ಣೆ ನೀರು ಸವರಿ, ಮೂರು ನಾಲ್ಕು ಬಿಸಿಲು ಒಣಗಿಸಬೇಕು. ಆಗ ಸಿಪ್ಪೆ ಬಿಟ್ಟುಕೊಡುತ್ತದೆ. ಕಡಿಮೆ ಒಣಗಿದರೆ ಬೇಳೆ ಒಡೆಯುವುದಿಲ್ಲ, ಹೆಚ್ಚು ಒಣಗಿದರೆ ನುಚ್ಚಾಗುತ್ತದೆ. ಒಮ್ಮೆ ನೀರು ಮುಟ್ಟಿಸಿದ ತೊಗರಿ ಯಾರಿಗೂ ಕಾಯುವುದಿಲ್ಲ. ಆ ಮೂರು ನಾಲ್ಕು ದಿನ ಹನ್ನೆರಡು ಮಂದಿ ಬೇಕೇ ಬೇಕು, ಮುಂದಿನ ಎರಡು ದಿನ ಒಬ್ಬರೂ ಬೇಡ. ವರ್ಷವಿಡೀ ಹನ್ನೆರಡು ಮಂದಿಯನ್ನು ಇಟ್ಟುಕೊಳ್ಳುವುದು ನನ್ನಂಥ ಸಣ್ಣವನಿಗೆ ಆಗದ ಮಾತು. ದೊಡ್ಡವ್ವ ಇಲ್ಲದಿದ್ದರೆ ನನಗೆ ಮಿಲ್ಲಿಲ್ಲ. ನನ್ನಂಥ ಹೆದರುಪುಕ್ಕಲನ ಬದುಕು ಒಬ್ಬ ಹೆಂಗಸಿನ ಗದ್ದದ ಮೇಲೆ ನಿಂತಿತ್ತು.

ಗದ್ದ ಅಂದದ್ದು ಸುಮ್ಮನೆ ಅಲ್ಲ. ಆಕೆ ಮಂದಿಯನ್ನು ಹಂಚುವಾಗ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹೆಗಲು ಮುಟ್ಟಿ, ಯಾವ ಮಿಲ್ಲು ಎನ್ನುವುದನ್ನು ಗದ್ದದಿಂದ ತೋರಿಸುತ್ತಿದ್ದಳು. ಮುಟ್ಟಿಸಿಕೊಂಡವಳು ಬುತ್ತಿ ಗಂಟು ಎತ್ತಿಕೊಂಡು ಆ ದಿಕ್ಕಿಗೆ ಹೊರಡುತ್ತಿದ್ದಳು.

ಹೆಂಗಸರು ಒಣಗಿಸುವುದನ್ನು ನೋಡುವುದೇ ಒಂದು ಚೆಂದ. ಬುಟ್ಟಿಯಿಂದ ಸುರಿದ ತೊಗರಿಯನ್ನು ಹರಡಿ, ಅದರ ನಡುವೆ ಕಾಲೆಳೆದುಕೊಂಡು ಸಾಲಾಗಿ ನಡೆಯುತ್ತಾರೆ. ಪಾದ ಹೋದಲ್ಲಿ ಒಂದು ಗೆರೆ, ಅದರ ಪಕ್ಕಕ್ಕೆ ಇನ್ನೊಂದು ಗೆರೆ. ಅಡಿಯಲ್ಲಿದ್ದ ಕಾಳು ಮೇಲೆ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅಂಗಳವೆಲ್ಲ ಬಿತ್ತುವ ಮುಂಚಿನ ಹೊಲದಂತೆ ಕಾಣುತ್ತದೆ.

ಮೊದಲನೆಯ ಹಂಗಾಮು ಅರ್ಧ ಕಳೆದಾಗ ನನಗೆ ಒಂದು ಸಂಶಯ ಬಂತು. ಬಂದದ್ದಲ್ಲ, ನನ್ನಲ್ಲಿ ಸಂಶಯಗಳು ಮನೆ ಮಾಡಿಕೊಂಡೇ ಇರುತ್ತವೆ. ಒಂದು ಎದ್ದು ಕೂತಿತು ಅನ್ನಬೇಕು. ದಿನಾ ನನ್ನ ಅಂಗಳಕ್ಕೆ ಬರುವ ಹನ್ನೆರಡು ಮಂದಿಯಲ್ಲಿ ಐದಾರು ಮಂದಿಗೆ ಏನಾದರೊಂದು ಊನ ಇರುತ್ತಿತ್ತು. ಒಬ್ಬಳು ಬಾಣಂತನ ಮುಗಿಸಿ ತಿಂಗಳಾಗಿಲ್ಲ, ಅವಳ ಕೂಸು ತೊಲೆಯ ಜೋಳಿಗೆಯಲ್ಲಿ. ಒಬ್ಬಳಿಗೆ ಕಣ್ಣು ಮಂಜು. ಒಬ್ಬಳು ಕೆಮ್ಮುತ್ತಿದ್ದಳು. ಒಬ್ಬಳ ಒಂದು ಕಾಲು ಗಿಡ್ಡ. ಪಕ್ಕದ ದೊಡ್ಡ ಮಿಲ್ಲಿನ ಗೋಡೆಯ ಮೇಲಿಂದ ಇಣುಕಿ ನೋಡಿದೆ. ಅಲ್ಲಿ ಇಪ್ಪತ್ತು ಮಂದಿ, ಒಬ್ಬರಿಗಿಂತ ಒಬ್ಬರು ಗಟ್ಟಿ, ಮೂಟೆ ಎತ್ತುವಂಥವರು.

ಸಣ್ಣ ಮಿಲ್ಲಿನವನೆಂದು ನನಗೆ ಉಳಿದ ಕಾಳು ಹಾಕುತ್ತಿದ್ದಾಳೆಯೆ? ಸಿಟ್ಟು ಬರಬೇಕಿತ್ತು. ಬಂದದ್ದು ಕುತೂಹಲ. ಬಾಣಂತಿ ಒಂದು ದಿನ ಬರದಿದ್ದರೆ, ಅವತ್ತು ಇನ್ಯಾವುದೋ ಬಾಣಂತಿ ಬರುತ್ತಿದ್ದಳು. ಕೆಮ್ಮಿನವಳಿಗೆ ಗುಣವಾದರೆ ಅವಳು ದೊಡ್ಡ ಮಿಲ್ಲಿಗೆ ಹೋಗಿ, ನನ್ನಲ್ಲಿಗೆ ಜ್ವರದಿಂದ ಎದ್ದ ಒಬ್ಬಳು ಬರುತ್ತಿದ್ದಳು. ಇದು ಅಕಸ್ಮಾತ್ ಆಗಿರಲಾರದು. ಇದರ ಹಿಂದೆ ಒಂದು ತಲೆ ಇತ್ತು, ಆ ತಲೆಯೊಳಗೆ ಏನಿದೆ ಎಂದು ನೋಡುವ ಆಸೆ ಹತ್ತಿತು.

ಒಂದು ಬೆಳಗ್ಗೆ ಬೇವಿನ ಮರದ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುವ ನೆಪದಲ್ಲಿ ಕೂತೆ. ಮನೆಯಲ್ಲಿ ಚಹಾ ಕುಡಿದೇ ಬಂದಿದ್ದೆ. ಎರಡನೆಯ ಕಪ್ಪು ಮುಗಿಯುವಷ್ಟರಲ್ಲಿ ದೊಡ್ಡವ್ವ ನನ್ನನ್ನು ಕಂಡಳು.

"ಏನ್ರಿ ಸಾವಕಾರ್ರಿ, ಇಲ್ಲಿ ಬಂದು ಕುಂತೀರಿ. ಕೆಲಸ ಬೇಕಾಗಿತ್ತೇನು?"

"ಇಲ್ಲ ದೊಡ್ಡವ್ವ, ಸುಮ್ಮ ಚಾ ಕುಡ್ಯಾಕ..."

"ಬರ್ರಿ, ಸಾಲಿನ್ಯಾಗ ನಿಂದರ್ರಿ. ಯಾವ ಮಿಲ್ಲಿಗಿ ಕಳಸ್ಲಿ?"

ಸಾಲಿನಲ್ಲಿದ್ದ ಒಬ್ಬಳು, "ಅವರ ಕಾಲು ಭಾಳ ಮೆತ್ತಗವ ದೊಡ್ಡವ್ವ, ಪರಸಿ ಮ್ಯಾಲ ನಡಿಯಂಗಿಲ್ಲ" ಎಂದಳು. ನಲವತ್ತು ಹೆಂಗಸರು ನಕ್ಕರು. ನಾನು ಅಂಗಳದಲ್ಲಿ ಕುಣಿದ ಕಥೆ ಇಡೀ ಗುಂಪಿಗೆ ತಿಳಿದಿದೆ ಎಂದು ಆಗ ಗೊತ್ತಾಯಿತು. ದೊಡ್ಡವ್ವ ಅವಳ ಹೆಗಲನ್ನೇ ಮುಟ್ಟಿ, "ಹೋಗು, ಅವರಲ್ಲೇ ಹೋಗು. ಅವರಿಗಿ ನಡ್ಯಾಕ ಕಲಸು" ಎಂದಳು. ನಾನು ಮೂರನೆಯ ಕಪ್ಪನ್ನು ಬಿಟ್ಟು ಎದ್ದೆ. ತಿಳಿದುಕೊಂಡದ್ದು ಏನೂ ಇಲ್ಲ.

ಎರಡನೆಯ ಹಂಗಾಮಿನಲ್ಲಿ ಜಹೀರಾಬಾದಿನ ಕಡೆಯ ಒಬ್ಬ ಗುತ್ತೇದಾರ ಮಿಲ್ಲಿಗೆ ಬಂದ. ಕಬ್ಬು ಕಡಿಯುವ ಗಂಡಾಳುಗಳ ಗ್ಯಾಂಗು ಇಟ್ಟುಕೊಂಡವನು. ಕಬ್ಬು ಮುಗಿಯುತ್ತಾ ಬಂದಿತ್ತು, ಆಳುಗಳಿಗೆ ಬೇರೆ ಕೆಲಸ ಹುಡುಕುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಗಡಿಯಾರ. "ಎಷ್ಟ್ ಆಳು ಬೇಕು, ಎಷ್ಟ್ ದಿನ ಬೇಕು, ಇಷ್ಟ್ ಹೇಳ್ರಿ ಸೇಠ್. ಎಲ್ಲಾ ಒಂದೇ ಅಳತೀ ಆಳು. ಒಬ್ಬಾಂವ ಮಲಗಿದ್ರ ಮರುದಿನ ಇನ್ನೊಬ್ಬಾಂವ" ಎಂದ. ಒಂದೇ ಅಳತೆಯ ಆಳು ಎನ್ನುವ ಮಾತು ನನ್ನ ಕಿವಿಗೆ ಸಂಗೀತದಂತೆ ಕೇಳಿಸಿತು. ಆ ವರ್ಷ ಹೈದರಾಬಾದಿನ ವ್ಯಾಪಾರಿ ಮೊದಲ ಸಲ ದೊಡ್ಡ ಆರ್ಡರು ಕೊಟ್ಟಿದ್ದ. ಅದು ಕೆಟ್ಟರೆ ಎರಡನೆಯ ಆರ್ಡರು ಇಲ್ಲ, ಮೂರನೆಯ ಹಂಗಾಮೂ ಇಲ್ಲ. ಸೋಮವಾರದಿಂದ ಕಳಿಸು ಎಂದುಬಿಟ್ಟೆ.

ಇನ್ನು ನಿನ್ನ ಮಂದಿ ಬೇಡ ಎಂದು ದೊಡ್ಡವ್ವನ ಮುಖ ನೋಡಿ ಹೇಳುವ ಧೈರ್ಯ ನನಗಿರಲಿಲ್ಲ. ನಮ್ಮ ಫಿಟ್ಟರ್‌ಗೆ ಹೇಳಿ ಕಳಿಸಿದೆ. ಅವನಿಗೂ ಧೈರ್ಯ ಇರಲಿಲ್ಲವೆಂದು ಕಾಣುತ್ತದೆ, ಹೋಟೆಲಿನವನಿಗೆ ಹೇಳಿ ಬಂದ. ಹೋಟೆಲಿನವನು ಆಕೆಗೆ ಹೇಳಿದ.

ಮರುದಿನ ಬೆಳಗ್ಗೆ ಮಂದಿಯನ್ನು ಹಂಚಿ ಮುಗಿಸಿ ಆಕೆ ಮಿಲ್ಲಿಗೆ ಬಂದಳು. ಕುರ್ಚಿ ತೋರಿಸಿದೆ. ಗೋಣಿಚೀಲದ ಮೇಲೆ ಕೂತಳು.

"ನಮ್ಮ ಮಂದಿ ಏನ್ ತಪ್ಪ್ ಮಾಡ್ಯಾರ?"

"ತಪ್ಪ್ ಏನಿಲ್ಲ."

"ತೊಗರಿ ಕೆಡಸ್ಯಾರ?"

"ಇಲ್ಲ."

"ಸೆರಗಿನ್ಯಾಗ ಕಟ್ಕೊಂಡು ಹೋಗ್ಯಾರ?"

"ಛೇ, ಅಂಥಾದ್ದೇನಿಲ್ಲ ದೊಡ್ಡವ್ವ. ಖರೆ ಹೇಳ್ಲೇನು? ನೀ ಗಟ್ಟಿ ಮಂದಿ ಎಲ್ಲಾ ದೊಡ್ಡ ಮಿಲ್ಲಿಗಿ ಕಳಸ್ತಿ. ನನ್ನ ಕಡಿ ಬರೋರು ಕೆಮ್ಮೋರು, ಕುಂಟೋರು, ಬಾಣಂತೇರು. ಸಣ್ಣಾಂವ ಅಂತ ನನಗ ಹಿಂಗ ಮಾಡ್ತೀಯೇನು?"

ಹೇಳಿಯೇಬಿಟ್ಟಿದ್ದೆ. ಆಕೆ ಅಂಗೈಗೆ ಅಂಟಿದ್ದ ಧೂಳನ್ನು ಸೆರಗಿಗೆ ಒರೆಸಿಕೊಂಡಳು.

"ಹೂಂ. ಬೇಕಂತೇ ಕಳಸ್ತೀನಿ" ಎಂದಳು.

ಆಕೆ ಇಲ್ಲ ಎನ್ನುತ್ತಾಳೆ, ನಾನು ಹೌದು ಎನ್ನಬೇಕು, ಹೀಗೆಂದು ತಯಾರಾಗಿದ್ದೆ. ಹೂಂ ಎನ್ನುವುದು ನನ್ನ ತಯಾರಿಯಲ್ಲಿ ಇರಲಿಲ್ಲ.

"ನೋಡ್ರಿ, ನನ್ನ ಹತ್ತರ ನಾಲ್ವತ್ತು ಮಂದಿ ಅದಾರ. ಅವರಾಗ ಆರು ಮಂದಿಗಿ ಯಾವಾಗೂ ಏನಾರ ಒಂದು ಇರ್ತದ. ಆರು ಮಂದಿ ಬದಲಾಗ್ತಾರ, ಆರು ಅನ್ನೂದು ಬದಲಾಗಂಗಿಲ್ಲ. ದೊಡ್ಡ ಮಿಲ್ಲಿನ್ಯಾಗ ಮುನೀಮ ಗೇಟಿನ್ಯಾಗೇ ನಿಂತಿರ್ತಾನ. ಕೂಸು ಕಂಡ್ರ ಹೊರಗ. ಕೆಮ್ಮಿದ್ರ ಹೊರಗ. ನೀವು ಬಿಟ್ಕೊಂಡ್ರಿ."

"ನಾ ತಿಳದು ಬಿಟ್ಕೊಂಡಿಲ್ಲ ದೊಡ್ಡವ್ವ. ಬ್ಯಾಡ ಅನ್ನಾಕ ಅಂಜಿ ಬಿಟ್ಕೊಂಡೀನಿ."

"ಗೊತ್ತದ" ಎಂದಳು. ಈಗ ಆಕೆಯ ಬಾಯಿಯ ಮೂಲೆ ಸ್ವಲ್ಪ ಅಲುಗಿತು. "ಅಂಜಾವ್ರೇ ಬೇಕು ನಮಗ. ಅಂಜಾಂವ ಗಡಗಿ ಖಾಲಿ ಬಿಡಂಗಿಲ್ಲ. ಅಂಜಾಂವ ಯಾರಾರ ಬಿದ್ದಾರೇನು ಅಂತ ಗಳಿಗಿಗೊಮ್ಮೆ ಬಂದು ನೋಡ್ತಾನ. ನೀವು ದಿನಕ್ಕ ಎಷ್ಟ್ ಸಲ ಬಂದು ನೋಡ್ತೀರಿ, ನಮ್ಮ ಹೆಂಗಸ್ರು ಎಣಸ್ತಾರ. ಮೊನ್ನಿ ಹದಿನಾಕು."

ನಾನು ಇಷ್ಟು ವರ್ಷ ಯಾರಿಗೂ ಕಾಣದಂತೆ ಮುಚ್ಚಿಟ್ಟುಕೊಂಡಿದ್ದೆ ಎಂದುಕೊಂಡಿದ್ದ ದೌರ್ಬಲ್ಯವನ್ನು ನಲವತ್ತು ಹೆಂಗಸರು ದಿನಾ ಎಣಿಸುತ್ತಿದ್ದರು. ಅದರ ಮೇಲೆಯೇ ಬಾಣಂತಿಯರ ಹಂಚಿಕೆ ನಡೆಯುತ್ತಿತ್ತು.

"ನಿಮ್ಮ ಅಂಗಳ ಹ್ವಾದ್ರ ಈ ಆರು ಮಂದಿ ಕೂಲಿ ಇಲ್ದ ಮನ್ಯಾಗ ಕೂಡಬೇಕು ಸಾವಕಾರ್ರಿ. ಕೂಡೂದಂದ್ರ ಏನು ಅಂತ ನಿಮಗ ಬಿಡಿಸಿ ಹೇಳಬೇಕಿಲ್ಲ. ಬ್ಯಾರೆ ಜಾಗ ನಾ ಹುಡುಕೀನಿ. ಇಲ್ಲ." ಎದ್ದು ನಿಂತಳು. "ಒಂದ್ ಮಾತು ಕೇಳ್ತೀನಿ. ಸೋಮವಾರ ಆ ಗಂಡಾಳು ಬರಲಿ. ಅದಕ್ಕ ಮೊದ್ಲ, ಈ ಶುಕ್ರವಾರ ಹರಡೂ ತೊಗರಿ ನನಗ ಬಿಡ್ರಿ. ಬರೇ ಆ ಆರು ಮಂದಿನ್ನೇ ಕಳಸ್ತೀನಿ. ಗಟ್ಟಿ ಮಂದಿ ಒಬ್ರೂ ಇಲ್ಲ. ಕೆಟ್ಟ್ರ ನಾ ಮತ್ತ ಈ ಗೇಟು ಹಾಯಂಗಿಲ್ಲ."

ಶುಕ್ರವಾರದ ತೊಗರಿ ಎಂದರೆ ಹೈದರಾಬಾದಿಗೆ ಹೋಗಬೇಕಾದದ್ದರಲ್ಲಿ ಅರ್ಧ. ಬುದ್ಧಿ ಇದ್ದವನು ಬೇಡ ಎನ್ನುತ್ತಿದ್ದ. ನನಗೆ ಬುದ್ಧಿಗಿಂತ ಕುತೂಹಲ ಹೆಚ್ಚಾಗಿತ್ತು. ಹನ್ನೆರಡು ಮಂದಿಯ ಕೆಲಸವನ್ನು ಆರು ಅರೆಮಂದಿ ಹೇಗೆ ಮಾಡುತ್ತಾರೆ?

ಶುಕ್ರವಾರ ಆರು ಮಂದಿಯೂ ಬಂದರು. ಆಕೆಯೂ ಬಂದಳು, ಆದರೆ ಕೈ ಹಚ್ಚಲಿಲ್ಲ. ತಗಡಿನ ಕೆಳಗೆ ಕೂತು ಗದ್ದ ಅಲುಗಿಸುತ್ತಿದ್ದಳು, ಅಷ್ಟೇ. ನಾನು ಅಂದು ಬಾಗಿಲಿಗೆ ಎಷ್ಟು ಸಲ ಬಂದೆನೋ ಎಣಿಸಿದವರೇ ಹೇಳಬೇಕು.

ಕಣ್ಣು ಮಂಜಾದವಳು ಅಂಗಳದ ನಟ್ಟನಡುವೆ ನಡೆದಳು. ಕಣ್ಣು ಕಾಣಿಸದವಳಿಗೆ ಅಲ್ಲೇನು ಕೆಲಸ ಎಂದುಕೊಂಡೆ. ಅವಳು ನಾಲ್ಕು ಹೆಜ್ಜೆಗೊಮ್ಮೆ ನಿಂತು, "ಇಲ್ಲಿ ತಣ್ಣಗದ" ಎನ್ನುತ್ತಿದ್ದಳು. ಗಿಡ್ಡ ಕಾಲಿನವಳು ಅಲ್ಲಿಗೆ ಬಂದು ಕೆದರುತ್ತಿದ್ದಳು. ಅವಳ ಎಳೆಯುವ ಕಾಲು ಬೇರೆಯವರಿಗಿಂತ ಆಳಕ್ಕೆ ಹೋಗಿ ಅಡಿಯ ಕಾಳನ್ನು ಮೇಲಕ್ಕೆ ತರುತ್ತಿತ್ತು. ಕೆಮ್ಮಿನವಳು ಗಾಳಿ ಬರುವ ಕಡೆ ಗೋಡೆಗೆ ಒರಗಿ ಕೂತು, ಗಳಿಗೆಗೊಮ್ಮೆ ಬೇರೆ ಬೇರೆ ಮೂಲೆಯಿಂದ ತಂದುಕೊಟ್ಟ ಕಾಳನ್ನು ಹಲ್ಲಿನಲ್ಲಿ ಕಡಿದು, ಒಣಗಿತೋ ಇಲ್ಲವೋ ಎಂದು ಸದ್ದು ಕೇಳುತ್ತಿದ್ದಳು. ಬಾಣಂತಿ ಜೋಳಿಗೆಯ ಹತ್ತಿರದ ಅಂಚನ್ನು ಕಸಬರಿಗೆಯಿಂದ ಒಳಗೆ ಸರಿಸುತ್ತಿದ್ದಳು. ಕೂಸು ಅತ್ತರೆ ಕಸಬರಿಗೆಯ ಹಿಡಿಯಿಂದಲೇ ಜೋಳಿಗೆಯನ್ನು ಒಮ್ಮೆ ತಳ್ಳುತ್ತಿದ್ದಳು. ಉಳಿದ ಇಬ್ಬರು ಸುಮ್ಮನೆ ನಿಧಾನವಾಗಿ ನಡೆದರು. ಯಾರಿಗೂ ಅವಸರ ಇರಲಿಲ್ಲ. ಹಾಗೆ ನೋಡಿದರೆ ಬಿಸಿಲಿಗೂ ಅವಸರ ಇರುವುದಿಲ್ಲವಲ್ಲ.

"ಹನ್ನೆರಡು ಮಂದಿ ಇದ್ದ್ರ ಎಲ್ಲಾರೂ ಎಲ್ಲಾ ಕಡಿ ನಡೀತಾರ" ಎಂದಳು ದೊಡ್ಡವ್ವ. "ಒಣಗಿದ್ದನ್ನೇ ಮತ್ತ ಮತ್ತ ತುಳೀತಾರ."

ಭಾನುವಾರ ಸಂಜೆ ವ್ಯಾಪಾರಿಯ ಲಾರಿ ಮರುದಿನ ಬರುತ್ತದೆ ಎಂದು ಸುದ್ದಿ ಬಂತು. ತೊಗರಿ ನನ್ನ ಕಣ್ಣಿಗೆ ಒಣಗಿತ್ತು. ಎತ್ತಿ ಮಿಲ್ಲಿಗೆ ಹಾಕೋಣ ಎಂದೆ. ಕೆಮ್ಮಿನವಳು ಒಂದು ಕಾಳು ಕಡಿದು ತಲೆ ಅಲ್ಲಾಡಿಸಿದಳು. "ಇನ್ನೊಂದ್ ಬಿಸಲು ಬೇಕ್ರಿ."

"ಲಾರಿ ಬರ್ತದ" ಎಂದೆ.

"ಬರ್ಲಿ. ನಿಂದರ್ಲಿ" ಎಂದಳು ದೊಡ್ಡವ್ವ. "ನಿಮ್ಮ ತೊಗರಿ, ನೀವು ಹೇಳಿದಂಗ. ಆದ್ರ ಇವತ್ತ ಎತ್ತಿದ್ರ ಅದು ನಮ್ಮ ಕೆಲಸ ಅಂತ ಅನಬ್ಯಾಡ್ರಿ."

ನನ್ನ ಕೈಯಲ್ಲೂ ಒಂದು ಕಾಳು ಇಟ್ಟಳು. ಕಡಿದೆ. ನನಗೆ ಕೇಳಿಸಿದ್ದು ನನ್ನ ಹಲ್ಲಿನ ಸದ್ದು ಮಾತ್ರ. ಲಾರಿಯನ್ನು ನಿಲ್ಲಿಸಿಕೊಂಡರೆ ವ್ಯಾಪಾರಿ ಸಿಟ್ಟಾಗಬಹುದು. ನಿಲ್ಲಿಸಿಕೊಳ್ಳದಿದ್ದರೆ ಆ ಆರು ಮಂದಿ ಗೇಟು ದಾಟಿ ಹೋಗುತ್ತಾರೆ. ಎರಡು ಭಯಗಳಲ್ಲಿ ಯಾವುದು ಹತ್ತಿರ ನಿಂತಿತ್ತೋ ಅದಕ್ಕೆ ಹೆದರಿದೆ. ದೊಡ್ಡವ್ವ ಹತ್ತಿರ ನಿಂತಿದ್ದಳು.

ಲಾರಿ ಸೋಮವಾರವೆಲ್ಲ ನಿಂತಿತು. ಡ್ರೈವರು ಅದರ ಕೆಳಗೆ ಮಲಗಿ ನನ್ನನ್ನು ತೆಲುಗಿನಲ್ಲೂ ಉರ್ದುವಿನಲ್ಲೂ ಬೈದ. ಆ ಬೇಳೆ ಹೈದರಾಬಾದಿಗೆ ಹೋಯಿತು. ವ್ಯಾಪಾರಿಯಿಂದ ಕಾಗದ ಬರಲಿಲ್ಲ. ಅವನು ಕಾಗದ ಬರೆಯುವುದು ಬೈಯುವುದಿದ್ದರೆ ಮಾತ್ರ. ಹದಿನೈದು ದಿನದ ಮೇಲೆ ಎರಡನೆಯ ಆರ್ಡರು ಬಂತು. ಅದು ಆ ಒಂದು ಬಿಸಿಲಿನಿಂದಲೇ ಬಂತು ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಅಲ್ಲ ಎಂದೂ ಹೇಳಲಾರೆ.

ಗಂಡಾಳುಗಳಿಗೇನಾಯಿತು ಎನ್ನುತ್ತೀರಿ. ಸೋಮವಾರ ಅವರು ಬಂದರು. ಬೇಡ ಎನ್ನಲು ಹೆದರಿ ಅವರನ್ನೂ ಇಟ್ಟುಕೊಂಡೆ. ನಾಲ್ಕು ಮಂದಿ ಸಾಕು, ಮೂಟೆ ಹೊರುವುದಕ್ಕೆ ಮಾತ್ರ ಎಂದು ಗುತ್ತೇದಾರನಿಗೆ ಹೇಳಿದೆ. ಹೇಳಿದೆ ಎಂದರೆ ಕಾರ್ಡು ಬರೆದೆ. ಹೆಂಗಸರು ಅಂಗಳದಲ್ಲಿ, ಗಂಡಸರು ಗೋದಾಮಿನಲ್ಲಿ. ಊರಿನ ಇತರ ಮಿಲ್ಲುಗಳವರು ಈ ಏರ್ಪಾಡನ್ನು ನೋಡಿ, ಹುಡುಗ ಜಾಣ ಎಂದರಂತೆ. ಎರಡು ಕಡೆಗೂ ಇಲ್ಲ ಅನ್ನಲಾರದವನು ಅಪರೂಪಕ್ಕೊಮ್ಮೆ ಹೀಗೆ ಜಾಣನೆನಿಸಿಕೊಳ್ಳುತ್ತಾನೆ.

ಆಮೇಲೆ ನಾನು ಮಂದಿಯ ವಿಷಯ ಎತ್ತಲಿಲ್ಲ. ಆಕೆ ಕಳಿಸಿದವರನ್ನು ಬಿಟ್ಟುಕೊಂಡೆ. ವರ್ಷಕ್ಕೊಂದು ಹೊಸ ಜೋಳಿಗೆ ತೊಲೆಗೆ ಬರುತ್ತಿತ್ತು. ಹಂಗಾಮು ಶುರುವಾಗುವ ಮುಂಚೆ ಆಕೆ ಬಂದು ತೊಲೆಗೆ ಜೋತು ಬಿದ್ದು ನೋಡುತ್ತಿದ್ದಳು. ಒಂದು ವರ್ಷ ಬಂದವಳು ಜೋತು ಬೀಳದೆ, ಮೇಲೆ ನೋಡಿ, "ಗಟ್ಟಿ ಇರಬೇಕು" ಎಂದು ಸುಮ್ಮನಾದಳು. ಮೊಣಕಾಲು ಹೋಗಿದ್ದವು. ಮುಂದಿನ ವರ್ಷ ಬೇವಿನ ಮರದ ಕೆಳಗೆ ಆಕೆಯ ಜಾಗದಲ್ಲಿ, ನನ್ನ ಅಂಗಳಕ್ಕೆ ಮೊದಲ ಹಂಗಾಮಿನಲ್ಲಿ ಕೂಸು ಎತ್ತಿಕೊಂಡು ಬಂದಿದ್ದ ಆ ಬಾಣಂತಿ ನಿಂತಿದ್ದಳು. ಅವಳೂ ಹೆಗಲು ಮುಟ್ಟುತ್ತಿದ್ದಳು. ಗದ್ದದಿಂದ ತೋರಿಸುವುದು ಮಾತ್ರ ಅವಳಿಗೆ ಬರಲಿಲ್ಲ, ಬಾಯಿ ಬಿಟ್ಟೇ ಹೇಳುತ್ತಿದ್ದಳು.

ದೊಡ್ಡವ್ವ ಒಂದು ಮಳೆಗಾಲದಲ್ಲಿ ತೀರಿಕೊಂಡಳು. ನಾನು ತೊಗರಿಯ ಮಾತುಕತೆಗೆಂದು ನಾರಾಯಣಖೇಡಕ್ಕೆ ಹೋಗಿದ್ದೆ. ನಾಲ್ಕು ದಿನದ ಮೇಲೆ ಊರಿಗೆ ಬಂದಾಗ ಸುದ್ದಿ ತಿಳಿಯಿತು. ಅವತ್ತು ಬೇವಿನ ಮರದವರೆಗೂ ಹೋಗಿ ಬಂದೆ. ಹಂಗಾಮು ಅಲ್ಲ, ಯಾರೂ ಇರಲಿಲ್ಲ.

ಅದಕ್ಕೆ ಐದಾರು ತಿಂಗಳು ಮೊದಲು, ಆಕೆಯ ಕೊನೆಯ ಹಂಗಾಮಿನಲ್ಲಿ ಆದ ಆ ಒಂದು ಸಣ್ಣ ಕೆಟ್ಟದ್ದನ್ನು ಹೇಳಿ ಮುಗಿಸುತ್ತೇನೆ.

ಅವತ್ತು ಬೆಳಗ್ಗೆ ಮೋಟರು ನಿಂತುಬಿಟ್ಟಿತ್ತು. ಫಿಟ್ಟರ್ ಅದರೊಳಗೆ ಕೈ ಹಾಕಿದ್ದ, ನಾನು ಅವನ ಬೆನ್ನ ಮೇಲೆ ಬಾಗಿ, ಏನೇನು ಸುಟ್ಟಿರಬಹುದೆಂದು ಅವನಿಗೆ ಹೇಳುತ್ತಾ ಕೆಲಸ ಕೆಡಿಸುತ್ತಿದ್ದೆ. ಹೊಸ ನಾಯಕಿ ಮಂದಿಯನ್ನು ಕರೆತಂದಳು. ಓರೆಗಣ್ಣಿನಲ್ಲಿ ಎಣಿಸಿದೆ. ಹನ್ನೆರಡು. ಕೊನೆಯವಳು ಮುಖ ಕಾಣದಂತೆ ಸೆರಗು ಹೊದ್ದಿದ್ದ ಬಾಗಿದ ಮುದುಕಿ, ಕೈಯಲ್ಲಿ ಕೋಲು. ಬಾಣಂತಿ ಸರಿ, ಕೆಮ್ಮು ಸರಿ, ಆದರೆ ಕೋಲು ಹಿಡಿದವಳೆ? ಹೊಸಬಳು ನನ್ನನ್ನು ತೀರ ಮೆತ್ತಗಿನವನೆಂದು ತಿಳಿದಿದ್ದಾಳೆ ಎಂದುಕೊಂಡೆ.

"ಇಷ್ಟ್ ವಯಸ್ಸಾದಾಕಿನ ಯಾಕ ತಂದಿ? ಬಿಸಲಾಗ ಬಿದ್ದ್ರ ಯಾರು ಹೊಣಿ? ಮನಿಗಿ ಕಳಸು" ಎಂದೆ, ಮೋಟರಿನಿಂದ ಕತ್ತೆತ್ತದೆ. ಅಷ್ಟು ವರ್ಷಗಳಲ್ಲಿ ನಾನು ಒಬ್ಬರನ್ನು ಬೇಡ ಎಂದದ್ದು ಅದೇ ಮೊದಲು. ನನ್ನ ಧೈರ್ಯವನ್ನು ನಾನೇ ಒಳಗೊಳಗೆ ಮೆಚ್ಚಿಕೊಂಡೆ.

ಕೋಲಿನ ಸದ್ದು ಗೇಟಿನ ಕಡೆಗೆ ಹೋಯಿತು. ಸ್ವಲ್ಪ ಹೊತ್ತಾದ ಮೇಲೆ ನಾಯಕಿ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು.

"ಸಾವಕಾರ್ರಿ, ಆಕಿ ದೊಡ್ಡವ್ವ. ಕುಂತು ಉಣ್ಣಂಗಿಲ್ಲ ಅಂತ ಬೆಳಿಗ್ಗಿ ತಾನೇ ಬಂದು ಸಾಲಿನ್ಯಾಗ ನಿಂತಳು. ನಾ ಎಲ್ಲಿಗಿ ಕಳಸ್ಲಿ? ನಿಮ್ಮ ಕಡಿ ಬಿಟ್ಟು ಯಾರು ಬಿಟ್ಕೋತಾರ ಆಕಿನ್ನ?"

ಎಣ್ಣೆ ಕೈಯಲ್ಲೇ ಓಡಿದೆ. ಆಕೆ ದೂರ ಹೋಗಿರಲಿಲ್ಲ. ತಿರುವಿನಲ್ಲಿ ಯಾರೋ ಪೇರಿಸಿಟ್ಟ ಪರಸಿ ಕಲ್ಲುಗಳ ಮೇಲೆ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಳು.

"ದೊಡ್ಡವ್ವ, ನಾ ನೋಡ್ಲಿಲ್ಲ."

"ಹೌದು, ನೋಡ್ಲಿಲ್ಲ" ಎಂದಳು. ಸಿಟ್ಟಿರಲಿಲ್ಲ. ನನ್ನ ಮಾತನ್ನು ಸರಿಯಾಗಿದೆಯೋ ಇಲ್ಲವೋ ನೋಡಿ ನನಗೇ ವಾಪಸು ಕೊಟ್ಟಂತಿತ್ತು.

"ಏಳು, ಒಳಗ ಹೋಗೋಣ. ನೀ ಏನೂ ಮಾಡಬ್ಯಾಡ, ತಗಡಿನ ಬುಡಕ ಕುಂದರು. ಕಾಳು ಕಡದು ನೋಡು ಸಾಕು."

"ಹಲ್ಲೆಲ್ಲಿ ಅವ ನನಗ?" ನಕ್ಕಳು. ಆಮೇಲೆ ಕೋಲನ್ನು ನೆಲಕ್ಕೆ ಊರಿ ಎದ್ದಳು. ಮಿಲ್ಲಿನ ಕಡೆಗೆ ತಿರುಗಲಿಲ್ಲ. "ಇವತ್ತ ಬ್ಯಾಡ್ರಿ. ಒಮ್ಮೆ ಬ್ಯಾಡ ಅಂದ ಗೇಟಿಗಿ ಅದೇ ದಿನ ತಿರುಗಿ ಹೋಗಬಾರದು. ನನ್ನ ಮಂದಿಗೆಲ್ಲಾ ನಾನೇ ಕಲಸೀನಿ ಇದನ್ನ. ನಾನೇ ಮುರೀಲೇನು? ನಾಳಿ ಬರ್ತೀನಿ."

ಎಷ್ಟು ಕೇಳಿಕೊಂಡರೂ ಬರಲಿಲ್ಲ.

ಮರುದಿನ ಎಲ್ಲರಿಗಿಂತ ಮುಂಚೆ ಬಂದಳು. ಆ ಹಂಗಾಮು ಮುಗಿಯುವವರೆಗೆ ಒಂದು ದಿನವೂ ತಪ್ಪಿಸಲಿಲ್ಲ. ಅಂಚಿನಲ್ಲಿ ಕೂತು, ಚೆಲ್ಲಿದ ಕಾಳನ್ನು ಕೈಯಿಂದ ಒಳಗೆ ಸರಿಸುತ್ತಿದ್ದಳು. ನಾವು ಆ ಬೆಳಗಿನ ಮಾತನ್ನು ಮತ್ತೆ ಎತ್ತಲಿಲ್ಲ.

ಆದರೆ ಅವತ್ತು, ಅದೊಂದು ದಿನ, ಆಕೆ ಓಣಿಯ ಗೋಡೆ ಹಿಡಿದುಕೊಂಡು, ಕೂಲಿಯಿಲ್ಲದೆ ಮನೆಗೆ ಹೋಗಿ ಕೂತಳು. ನಾನು ತಿರುವಿನಲ್ಲಿ ನಿಂತು, ಕೋಲು ಮತ್ತು ಸೆರಗು ಕಣ್ಣಿಗೆ ಮರೆಯಾಗುವವರೆಗೆ ನೋಡಿದೆ.